ಹಸಿರಾಗದ ಆಕಾಶ: ಕಾಯ್ಪ್ ಚಿತ್ರದ ಕಾಪಿ, ನನ್ನ ಅನುಭವ

17ನೇ ಶತಮಾನದ ಡಚ್ ಚಿತ್ರಕಾರ ಆಲ್ಬರ್ಟ್ ಕಾಯ್ಪ್‌ನ ಆಕಾಶವನ್ನು ಎಣ್ಣೆ ಬಣ್ಣದಲ್ಲಿ, ಎರಡು ಕಂತಿನಲ್ಲಿ ಬರೆಯುತ್ತೇನೆ ಅಂದಾಗ ನಮ್ಮ ಸಂಜೆ ಪೇಂಟಿಂಗ್ ಕ್ಲಾಸಿನವರು ನಕ್ಕರು. ಹಸಿ ಬಣ್ಣದ ಮೇಲೆ ಹಸಿ ಬಣ್ಣ, ಒಂದೇ ಕೂತಲ್ಲಿ ಮುಗಿಸಬೇಕು, ಇಲ್ಲಾಂದ್ರೆ ಬರಲ್ಲ ಅಂತ ಮೇಷ್ಟ್ರೂ ಹೇಳಿದರು. ಈಗ ಅದು ಇಲ್ಲಿ, ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನ ನಮ್ಮ ಮನೆ ಹಾಲ್‌ನಲ್ಲಿದೆ. ಬಂದವರೆಲ್ಲ ಆಕಾಶದ ಬಗ್ಗೆಯೇ ಕೇಳುತ್ತಾರೆ. ಕುದುರೆಗಳು ಅಷ್ಟಕ್ಕಷ್ಟೇ, ಒಪ್ಪುತ್ತೇನೆ.

ಚಿತ್ರ ಗೊತ್ತಲ್ವಾ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ನದಿ, ಗುಡ್ಡ, ಕುದುರೆ ಸವಾರರ ಚಿತ್ರ. 1650ರ ದಶಕದ್ದು. ಮೂಲ ಸುಮಾರು ಎರಡೂಕಾಲು ಮೀಟರ್ ಅಗಲ. ನನ್ನದು ತೊಂಬತ್ತು ಸೆಂಟಿಮೀಟರ್.

ಮೊದಲ ಸಲ ಮೇಷ್ಟ್ರ ಮಾತನ್ನೇ ಕೇಳಿದೆ. ಮೇಲೆ ನೀಲಿ, ಕೆಳಗೆ ಹಳದಿ, ನಡುವೆ ಬ್ರಷ್ಷಾಡಿಸಿದೆ. ಬಂದದ್ದು ಪಾಚಿ ಕಟ್ಟಿದ ಬಾವಿ ನೀರಿನಂಥ ಹಸಿರು ಪಟ್ಟಿ. ಎರಡನೇ ಸಲ ಬಿಳಿ ಜಾಸ್ತಿ ಮಾಡಿದೆ. ಆಗಿನವರದು ಸೀಸದ ಬಿಳಿ, ನಮ್ಮದು ಟೈಟಾನಿಯಂ. ಸುಣ್ಣ ಬಳಿದ ಗೋಡೆಯ ಹಾಗಾಯಿತು. ಮೂರನೇ ಸಲ ಮೇಲಿಂದ ಹಳದಿಯ ತೆಳು ಪಾರದರ್ಶಕ ಪದರ (ಗ್ಲೇಜ್) ಕೊಟ್ಟೆ. ಅಗಸೆ ಎಣ್ಣೆ ಜಾಸ್ತಿಯಾಗಿ, ಆರಿದ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಒಟ್ಟು 250 ಯೂರೋ ಹತ್ತಿರ ಹೋಯಿತು. ಅದರಲ್ಲಿ ಅರ್ಧ, ಲಿನನ್ ಕ್ಯಾನ್ವಾಸೇ ಬೇಕು ಅನ್ನುವ ನನ್ನ ಹಟಕ್ಕೆ. ಕೊನೆಗೆ ಕೆಲಸ ಆದದ್ದು ಮರದ ನಾರು ಒತ್ತಿ ಮಾಡಿದ 18 ಯೂರೋದ ಎಂಡಿಎಫ್ ಹಲಗೆ ಮೇಲೆ!

ಬೇಸರವಾಗಿ ಒಂದು ಭಾನುವಾರ ಕಾಯ್ಪ್‌ನ ಊರು ಡೋರ್ಡ್ರೆಕ್ಟ್‌ಗೆ ಹೋದೆ. ಚಿತ್ರದ ಗುಡ್ಡ ಎಲ್ಲಿ? ಊರು ತಟ್ಟಿದ ರೊಟ್ಟಿಯ ಹಾಗಿದೆ. ಗುಡ್ಡಗಳನ್ನು ಅವನು ರೈನ್ ನದಿಯ ಕಡೆ, ನೈಮೇಗನ್, ಜರ್ಮನಿಯ ಕ್ಲೇವ ತನಕ ಹೋಗಿ ಸ್ಕೆಚ್ ಮಾಡಿಕೊಂಡು ಬಂದಿದ್ದ. ಬಂಗಾರದ ಬೆಳಕನ್ನು ಕಲಿತದ್ದು ಇಟಲಿ ನೋಡಿಬಂದ ಯಾನ್ ಬೋಟ್‌ನಂಥವರ ಚಿತ್ರಗಳಿಂದ. ಕಾಪಿ ಮಾಡುವ ನನಗೆ ಅದೊಂದು ಸಮಾಧಾನ.

ವಾಪಸ್ ಬಂದು ಉಲ್ಟಾ ಶುರು ಮಾಡಿದೆ. ನೀಲಿ ಮುಟ್ಟಲೇ ಇಲ್ಲ. ಇಡೀ ಆಕಾಶಕ್ಕೆ ನಸುಗುಲಾಬಿ ಬೆರೆತ ಕೆನೆ ಬಣ್ಣ, ಕೆಳಗೆ ಸ್ವಲ್ಪ ಓಕರ್, ಅಂದರೆ ಮಣ್ಣಿನ ಹಳದಿ. ಹೆಚ್ಚುವರಿ ಎಣ್ಣೆ ಹಾಕಲಿಲ್ಲ, ಬರೀ ಟರ್ಪೆಂಟೈನ್. ಒಣಗಲಿ ಅಂತ ಬಿಟ್ಟರೆ ನವೆಂಬರ್ ಮಳೆ. ನನ್ನ ಟ್ಯೂಬಿನ ಬಿಳಿ ಬಣ್ಣ ಕಲಸಿದ್ದು ಕುಸುಬೆ ಎಣ್ಣೆಯಲ್ಲಿ, ಅದು ಬೇರೆ ನಿಧಾನವಾಗಿ ಒಣಗುತ್ತೆ. ಮೂರು ವಾರ ಆದರೂ ಬೆರಳಿಗೆ ಅಂಟುತ್ತಿತ್ತು. ಇನ್ನೂ ಹತ್ತು ದಿನ ಕಾದೆ.

ಆಮೇಲೆ ಗಾಢ ನೀಲಿ ಅಲ್ಟ್ರಾಮರೀನ್‌ಗೆ ಬಿಳಿ ಸೇರಿಸಿ, ಕೂದಲು ಸವೆದ ಹಳೇ ಬ್ರಷ್ಷಿಗೆ ತಗೊಂಡು, ಬಟ್ಟೆಗೆ ಚೆನ್ನಾಗಿ ಒರೆಸಿದೆ. ಬ್ರಷ್ಷಿನಲ್ಲಿ ಉಳಿದದ್ದನ್ನಷ್ಟೇ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾ ಬಂದೆ. ಸಂದಿಯಲ್ಲಿ ಗುಲಾಬಿ ಇಣುಕುತ್ತೆ. ಹಳದಿ ಶುರುವಾಗುವ ಮೊದಲೇ ನೀಲಿ ಮುಗಿದುಹೋಗುತ್ತೆ. ಹಸಿರಿನ ಸುಳಿವೂ ಇಲ್ಲ. ಕೆನೆ ಬಣ್ಣಕ್ಕೆ ಕಡಲೆಕಾಳಿನಷ್ಟು ಇನ್ನೊಂದು ಬಣ್ಣ ಸೇರಿಸಿದ್ದೇನೆ. ಅದು ಯಾವುದು ಅಂತ ಮಾತ್ರ ಹೇಳಲ್ಲ.

ಮೇಷ್ಟ್ರು ಬಂದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಎಷ್ಟು ದಿನ ಹಿಡಿಯಿತು ಅಂದರು. ಐದು ವಾರ ಅಂದೆ. ಎಂಟಾಗಿತ್ತು.