ಕೋಡುಬಳೆಯ ಚಿತ್ರದಿಂದ ಶುರುವಾದದ್ದು

ನನ್ನ ಮಗನಿಗೆ ಈಗ ಆರು ವರ್ಷ. ಮಾತು ಬಂದಿಲ್ಲ. ಅವನು "ಅಮ್ಮ" ಎಂದು ಕರೆದದ್ದನ್ನು ನಾನು ಈವರೆಗೆ ಕೇಳಿಲ್ಲ. ಆದರೂ ದಿನಕ್ಕೆ ನಲವತ್ತು ಐವತ್ತು ಬಾರಿ ಅವನು ನನಗೆ ಏನನ್ನಾದರೂ ಹೇಳುತ್ತಾನೆ, ನಾನು ಉತ್ತರ ಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ನಾವು ಕಂಗೆಟ್ಟು ಕೂತಿದ್ದ ಹಾಗೆಯೇ ಈಗ ಕೂತಿರುವ ತಂದೆತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡು ತುಂಬಿದರೂ ಪುಟ್ಟನಿಗೆ ಒಂದು ಪದವೂ ಇರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತಿರಲಿಲ್ಲ. "ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂದು ಅತ್ತೆ ಧೈರ್ಯ ಹೇಳಿದರು. ಬಜೆ ತೇಯ್ದು ನಾಲಿಗೆಗೆ ಸವರಿದೆವು, ಹರಕೆ ಹೊತ್ತೆವು. ಹೀಗೆ ಒಂದು ವರ್ಷ ಹೋಯಿತು. ಕಿವಿ ಕೇಳುತ್ತಿಲ್ಲವೇನೋ ಎಂದು ಕೊನೆಗೆ ಬೇರಾ ಎಂಬ ಕಿವಿಯ ಪರೀಕ್ಷೆ ಮಾಡಿಸಿದಾಗ ಶ್ರವಣ ಸರಿಯಾಗಿಯೇ ಇತ್ತು. ಅದಾದ ತಿಂಗಳಿಗೆ ಆಟಿಸಂ, ಅಂದರೆ ಮಾತು ಮತ್ತು ಒಡನಾಟದ ಬೆಳವಣಿಗೆ ಬೇರೆ ರೀತಿ ಇರುವ ಸ್ಥಿತಿ, ಎಂದು ವೈದ್ಯರು ಬರೆದುಕೊಟ್ಟರು.

ಮೊದಲು ಹೋದ ಒಂದು ಚಿಕಿತ್ಸಾ ಕೇಂದ್ರದಲ್ಲಿ, ಬಾಯಿಬಿಟ್ಟು ಕೇಳುವವರೆಗೆ ಏನನ್ನೂ ಕೊಡಬೇಡಿ ಎಂದರು. ನಾನು ಹಾಗೆಯೇ ಮಾಡಿದೆ. ನೀರಿನ ಲೋಟವನ್ನು ಎತ್ತರಕ್ಕೆ ಹಿಡಿದು "ನೀರು ಅನ್ನು, ಕೊಡುತ್ತೇನೆ" ಎಂದು ಹತ್ತು ಸಲ ಹೇಳಿದೆ. ಅವನು ನನ್ನ ತುಟಿಯನ್ನು ನೋಡಿದ, ಲೋಟವನ್ನು ನೋಡಿದ, ಆಮೇಲೆ ನೆಲಕ್ಕೆ ಹಣೆ ಚಚ್ಚಿಕೊಳ್ಳತೊಡಗಿದ. ಬಾಯಾರಿದ ಮಗುವಿಗೆ ನೀರು ಕೊಡದೆ ನಿಂತ ಆ ಹತ್ತು ನಿಮಿಷ ನನ್ನನ್ನು ಇಂದಿಗೂ ಬಿಟ್ಟಿಲ್ಲ. ದಯವಿಟ್ಟು ಯಾರೂ ಅದನ್ನು ಮಾಡಬೇಡಿ.

ಊರು ಬಿಟ್ಟು ಒಂದು ವರ್ಷ ಮೈಸೂರಿನಲ್ಲಿ ಕೋಣೆ ಮಾಡಿಕೊಂಡಿದ್ದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶಾಲಾಪೂರ್ವ ತರಗತಿಗೆ ಮಕ್ಕಳ ಜೊತೆ ತಾಯಂದಿರೂ ಹೋಗಿ ಕೂರುತ್ತಿದ್ದೆವು, ಕಲಿಯುವುದು ಇಬ್ಬರೂ. ಅಲ್ಲೊಬ್ಬ ವಾಕ್ ಚಿಕಿತ್ಸಕಿ ಪುಟ್ಟನನ್ನು ಅರ್ಧ ಗಂಟೆ ಸುಮ್ಮನೆ ನೋಡಿದರು. ಅವನು ನನ್ನ ಮುಂಗೈ ಹಿಡಿದು ಎಳೆದು, ತಿಂಡಿ ಡಬ್ಬಿಯ ಮುಚ್ಚಳದ ಮೇಲೆ ಇಟ್ಟ. "ಅಮ್ಮಾ, ಇವನು ಈಗಾಗಲೇ ಕೇಳುತ್ತಿದ್ದಾನೆ. ಅದನ್ನೇ ಚಿತ್ರಗಳ ಮೂಲಕ ಇನ್ನೊಬ್ಬರಿಗೂ ಅರ್ಥವಾಗುವ ಹಾಗೆ ಮಾಡೋಣ" ಎಂದರು. ಚಿತ್ರ ಕೊಟ್ಟರೆ ಮಾತು ಕಲಿಯುವುದಕ್ಕೆ ಸೋಮಾರಿಯಾಗುತ್ತಾನಲ್ಲವೇ ಎಂದು ನಾನು ಕೇಳಿದೆ. ಹಾಗಾಗುವುದಿಲ್ಲ, ಕೆಲವು ಮಕ್ಕಳಿಗೆ ಅದರಿಂದ ಮಾತಿಗೂ ನೆರವಾಗಿದೆ ಎಂದರು. ಎಲ್ಲ ತಂದೆತಾಯಂದಿರಿಗೂ ಇರುವ ಅಂಜಿಕೆ ಇದು, ಅದಕ್ಕೇ ಇಲ್ಲಿ ಬರೆದೆ.

ನಾವು ಹಿಡಿದ ಕ್ರಮಕ್ಕೆ ಪೆಕ್ಸ್ (ಪಿಕ್ಚರ್ ಎಕ್ಸ್‌ಚೇಂಜ್ ಕಮ್ಯುನಿಕೇಷನ್ ಸಿಸ್ಟಮ್), ಅಂದರೆ ಚಿತ್ರ ಕೊಟ್ಟು ಕೇಳುವ ಪದ್ಧತಿ, ಎನ್ನುತ್ತಾರೆ. ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದು. ಮಗು ಚಿತ್ರವನ್ನು ಎತ್ತಿ ಎದುರಿಗಿರುವವರ ಕೈಗೆ ಕೊಡಬೇಕು. ಕೊಟ್ಟ ಕ್ಷಣವೇ ಆ ವಸ್ತು ಸಿಗಬೇಕು. ಕೇಳಲು ಸುಲಭ. ಮಾಡಲು ಎರಡು ಜನ ಬೇಕು, ಮತ್ತು ಬಾಯಿ ಮುಚ್ಚಿಕೊಂಡಿರುವ ತಾಳ್ಮೆ ಬೇಕು.

ಪುಟ್ಟನಿಗೆ ಪ್ರಾಣವೆಂದರೆ ಕೋಡುಬಳೆ. ನಮ್ಮ ಮನೆಯ ಡಬ್ಬಿಯಲ್ಲಿದ್ದ ಕೋಡುಬಳೆಯನ್ನೇ ಬಿಳಿ ತಟ್ಟೆಯಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ಅಂಗೈಯ ಅರ್ಧದಷ್ಟು ಅಳತೆಗೆ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಹಿಂದೆ ವೆಲ್ಕ್ರೊ ಅಂಟಿಸಿದೆವು. ಬಿಡಿಸಿದ ಚಿತ್ರಕ್ಕಿಂತ ಮನೆಯದೇ ಫೋಟೊ ಅವನಿಗೆ ಬೇಗ ಹಿಡಿಸಿತು. ಒಂದು ಕೋಡುಬಳೆಯನ್ನು ಎಂಟು ಚೂರು ಮಾಡಿಟ್ಟುಕೊಂಡೆ. ಇಡೀ ಬಳೆ ಕೊಟ್ಟರೆ ಒಂದಕ್ಕೇ ಪಾಠ ಮುಗಿಯುತ್ತದೆ. ನಾನು ಎದುರು ಕೂತೆ, ನಮ್ಮವರು ಅವನ ಬೆನ್ನ ಹಿಂದೆ. ಅವನು ಚೂರಿಗೆ ಕೈ ಚಾಚಿದಾಗ ಅವರು ಆ ಕೈಯನ್ನು ಮೆತ್ತಗೆ ಚಿತ್ರದತ್ತ ತಿರುಗಿಸಿ, ಎತ್ತಿಸಿ, ನನ್ನ ಅಂಗೈಗೆ ಬಿಡಿಸಿದರು. "ಏನು ಬೇಕು?" ಎಂದು ಕೇಳುವಂತಿಲ್ಲ, "ಕೊಡು" ಎನ್ನುವಂತಿಲ್ಲ. ಚಿತ್ರ ಕೈಗೆ ಬಿದ್ದ ಕೂಡಲೇ "ಕೋಡುಬಳೆ!" ಎಂದು ಹೇಳಿ ಚೂರು ಕೊಡುವುದು. ಅಷ್ಟೇ ನನ್ನ ಮಾತು. ಕೇಳುವ ಮೊದಲ ಹೆಜ್ಜೆ ಅವನದೇ ಆಗಬೇಕೆಂಬುದು ಇದರ ಗುಟ್ಟು. ನಾವು ಪ್ರಶ್ನೆ ಹಾಕಿದರೆ ಅವನು ಪ್ರಶ್ನೆಗಾಗಿ ಕಾಯುವುದನ್ನು ಕಲಿಯುತ್ತಾನೆ.

ನಮ್ಮವರ ಕೈ ಮೊದಲು ಮುಂಗೈ ಹಿಡಿದಿತ್ತು, ಆಮೇಲೆ ಮೊಣಕೈ ಮುಟ್ಟಿತು, ಆಮೇಲೆ ಬರೀ ಹತ್ತಿರ ಇತ್ತು. ಹನ್ನೊಂದನೆಯ ದಿನ ಸಂಜೆ ಅವರು ಹಾಲು ತರಲು ಹೋಗಿದ್ದರು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಡಿಲಿಗೆ ಏನೋ ತಾಗಿತು. ನೋಡಿದರೆ ಕೋಡುಬಳೆಯ ಚಿತ್ರ, ಅಂಚಿಗೆ ಅವನ ಜೊಲ್ಲು. ಅವತ್ತು ಚೂರು ಮಾಡಲಿಲ್ಲ. ಇಡೀ ಬಳೆಯನ್ನೇ ಕೊಟ್ಟೆ.

ಮುಂದಿನದೆಲ್ಲ ಇಷ್ಟು ಸಲೀಸಾಗಿರಲಿಲ್ಲ. ಚಿತ್ರದ ಪುಸ್ತಕವನ್ನು ಪಕ್ಕದ ಕೋಣೆಯಲ್ಲಿಟ್ಟು, ಹೋಗಿ ತರುವುದನ್ನು ಕಲಿಸಲು ಎರಡು ತಿಂಗಳು ಹಿಡಿಯಿತು. ಎರಡು ಚಿತ್ರಗಳ ನಡುವೆ ಆರಿಸುವುದಕ್ಕೆ ಇನ್ನೂ ಹೆಚ್ಚು. ಅವನಿಗೆ ಬೇಡದ ಕಾಲುಚೀಲದ ಚಿತ್ರವನ್ನು ಕೋಡುಬಳೆಯ ಪಕ್ಕದಲ್ಲಿಟ್ಟು, ಅದನ್ನು ಕೊಟ್ಟರೆ ಕಾಲುಚೀಲವನ್ನೇ ಕೈಗಿಡುತ್ತಿದ್ದೆ. ದಸರಾ ರಜೆಗೆ ಊರಿಗೆ ಹೋಗಿ, ಜ್ವರ ಬಂದು ಮಲಗಿದಾಗ ಕಲಿತದ್ದೆಲ್ಲ ಹೋಯಿತು ಎನ್ನಿಸಿತ್ತು. ಮತ್ತೆ ಎಂಟು ಚೂರಿನಿಂದ ಆರಂಭಿಸಿದೆವು.

ಚಿತ್ರಗಳನ್ನು ಒಂದು ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿ ವಾಕ್ಯ ಕಟ್ಟುವ ಹಂತ ಬಂದಾಗ ನಾವು ಒಂದು ಬದಲಾವಣೆ ಮಾಡಿಕೊಂಡೆವು. ಇಂಗ್ಲಿಷಿನ ಸಿದ್ಧಪಟ್ಟಿಯಲ್ಲಿ "ನನಗೆ ಬೇಕು" ಎಂಬ ಕಾರ್ಡು ಮೊದಲು, ವಸ್ತು ಆಮೇಲೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. "ಬೇಕು" ಎಂಬುದನ್ನು ಬಲತುದಿಗೆ ಹಾಕಿದೆವು: ಕೋಡುಬಳೆ ಬೇಕು, ನೀರು ಬೇಕು, ಉಯ್ಯಾಲೆ ಬೇಕು. ಅವನು ಕಿವಿಯಲ್ಲಿ ದಿನವೂ ಕೇಳುವ ಕ್ರಮವೇ ಕೈಯಲ್ಲೂ ಬಂತು. ಒಂದು ಶಾಲೆಯವರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆಯಾದರೆ ಮಗುವಿಗೆ ಗೊಂದಲ ಎಂದಿದ್ದರು. ನಾವು ಒಪ್ಪಲಿಲ್ಲ. ಅಜ್ಜಿಯ ಮಾತು ಅರ್ಥವಾಗದ ಮನೆಯಲ್ಲಿ ಅವನನ್ನು ಕೂರಿಸುವುದು ನನ್ನಿಂದಾಗದು.

ಎರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಮೊದಲನೆಯದು ನೀರು. ಇಂಥ ಅನೇಕ ಮಕ್ಕಳು ಸದ್ದಿಲ್ಲದೆ ಮನೆಯಿಂದ ಹೊರಟುಬಿಡುತ್ತಾರೆ, ಹಲವರು ನೀರಿನ ಕಡೆಗೆ ಹೋಗುತ್ತಾರೆ. ಪುಟ್ಟ ಒಮ್ಮೆ ಊರಿನ ಕೆರೆ ಏರಿಯವರೆಗೆ ಹೋಗಿದ್ದ. ಬಾಗಿಲಿಗೆ ಎತ್ತರದಲ್ಲಿ ಚಿಲಕ, ಕೈಬಳೆಯ ಮೇಲೆ ಫೋನ್ ನಂಬರ್, ಬಾವಿಗೆ ಜಾಲರಿ ಅಂದೇ ಮಾಡಿಸಿದೆವು. ಎರಡನೆಯದು ಕಾಗದಪತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂ ಕೂಡ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ರಾಷ್ಟ್ರೀಯ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಇದ್ದು, ಥೆರಪಿಯ ಖರ್ಚಿಗೂ ನೆರವಾಗುತ್ತದೆ. "ಕಾರ್ಡು ಮಾಡಿಸಿದರೆ ಹಣೆಪಟ್ಟಿ ಕಟ್ಟಿದ ಹಾಗೆ" ಎಂದು ನೆಂಟರು ತಡೆದರು. ಕಾರ್ಡಿಲ್ಲದಿದ್ದರೂ ಜನ ನೋಡುವ ರೀತಿಯಲ್ಲೇನೂ ಬದಲಿರಲಿಲ್ಲ.

ಎಲ್ಲಕ್ಕಿಂತ ತಡವಾಗಿ ಮಾಡಿದ್ದು "ಬೇಡ" ಎಂಬ ಕಾರ್ಡು. ಕೇಳುವುದನ್ನು ಕಲಿಸುವ ಅವಸರದಲ್ಲಿ, ನಿರಾಕರಿಸುವುದಕ್ಕೆ ಅವನಿಗೆ ದಾರಿಯನ್ನೇ ಕೊಟ್ಟಿರಲಿಲ್ಲ. ಅದಕ್ಕೇ ಕಚ್ಚುತ್ತಿದ್ದ, ತಟ್ಟೆ ಎಸೆಯುತ್ತಿದ್ದ. ಕೆಂಪು ಅಂಚಿನ ಆ ಕಾರ್ಡನ್ನು ಕೊಟ್ಟಾಗ ನಾನೇ ಒಂದು ನಿಯಮ ಹಾಕಿಕೊಂಡೆ: ಅವನು ಬೇಡ ಎಂದರೆ ಸಾಧ್ಯವಿರುವ ಕಡೆಯೆಲ್ಲ ನಾವು ನಿಲ್ಲಿಸಬೇಕು. ಚುಚ್ಚುಮದ್ದಿಗೆ ಅದು ನಡೆಯುವುದಿಲ್ಲ. ಅಲ್ಲಿ ಮುಂಚೆಯೇ ಚಿತ್ರ ತೋರಿಸಿ, "ಬೇಡ ಎಂದದ್ದು ಕೇಳಿಸಿತು, ಒಂದು ಸಲ ಮಾತ್ರ" ಎಂದು ಹೇಳಿ, ಬಿಗಿಯಾಗಿ ತಬ್ಬಿಕೊಳ್ಳುತ್ತೇನೆ. ಊಟ, ಬಟ್ಟೆ, ಮುದ್ದು ಇವಕ್ಕೆಲ್ಲ ಬೇಡ ಎಂದರೆ ಬೇಡವೇ. ಕಚ್ಚುವುದು ಒಂದೆರಡು ತಿಂಗಳಲ್ಲಿ ಬಹುಪಾಲು ನಿಂತಿತು.

ಕುಕ್ಕರಿನ ಸೀಟಿಗೆ ಅವನು ಮೊದಲಿನಿಂದಲೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಹೋದ ಆಷಾಢದಲ್ಲಿ ಒಂದು ದಿನ ಅಡುಗೆಮನೆಗೆ ಬಂದು, ಪುಸ್ತಕದಿಂದ ಕುಕ್ಕರಿನ ಫೋಟೊ ಕಿತ್ತು ಪಟ್ಟಿಯ ಮೇಲೆ ಅಂಟಿಸಿದ. ಪಕ್ಕದಲ್ಲಿ ಕೆಂಪು ಅಂಚಿನದು. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಒಲೆಯ ಕಡೆ ನೋಡಿದ. ಕುಕ್ಕರ್ ಬೇಡ. ಒಲೆ ಆರಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಅನ್ನವನ್ನು ಪಾತ್ರೆಯಲ್ಲಿಟ್ಟು ಬಸಿಯುತ್ತೇವೆ.