ಜರ್ಮನಿಯಲ್ಲಿ ಬಾಡಿಗೆ ಮನೆ: ಕೊಡಗಿನಿಂದ ಹೊರಟವರಿಗೆ

ಕೊಡಗಿನಲ್ಲಿ ಹೊಸಬರನ್ನು ಮೊದಲು ಕೇಳುವುದು ‘ಯಾರ ಮನೆಯವರು?’ ಎಂದು, ಮನೆತನದ ಹೆಸರು ಹೇಳಿದರೆ ಐನ್‌ಮನೆಯ ಜಗಲಿಯವರೆಗೂ ದಾರಿ ಸಿಗುತ್ತದೆ. ಜರ್ಮನಿಯಲ್ಲಿ ಬಾಡಿಗೆಗೆ ಅರ್ಜಿ ಹಾಕಿದಾಗ ಅದೇ ಹೆಸರು ಬಾಗಿಲು ಮುಚ್ಚಿಸಬಹುದೆಂಬುದನ್ನು ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಿಂದ ಓದಿಗೋ ಕೆಲಸಕ್ಕೋ ಹೊರಟವರು ತಿಳಿದಿರಬೇಕು.

ಅಲ್ಲಿ ಯಾರೂ ಮುಖಕ್ಕೆ ಬೈಯುವುದಿಲ್ಲ. ಹೆಚ್ಚಾಗಿ ಉತ್ತರವೇ ಬರುವುದಿಲ್ಲ. ಮ್ಯೂನಿಕ್‌ನಲ್ಲಿ ಎರಡು ಕೋಣೆಯ ಮನೆಗೆ ನಾನು ಬರೆದಾಗ ‘ಮನೆ ಹೋಗಿದೆ’ ಎಂಬ ಒಂದು ಸಾಲು ಬಂತು. ಅದೇ ಸಂಜೆ, ನನ್ನಷ್ಟೇ ಸಂಬಳದ ಜರ್ಮನ್ ಸಹೋದ್ಯೋಗಿ ಅದೇ ಜಾಹೀರಾತಿಗೆ ಬರೆದರೆ, ಮುಕ್ಕಾಲು ಗಂಟೆಯೊಳಗೆ ‘ಶನಿವಾರ ಬಂದು ನೋಡಿ’ ಎಂಬ ಆಹ್ವಾನ. ನಮ್ಮ ತೋಟಗಳಿಗೆ ಬಂದ ಅಸ್ಸಾಮಿನವರಿಗೆ ಲೈನ್‌ಮನೆ ಬಿಟ್ಟು ಪೇಟೆಯಲ್ಲೊಂದು ಕೋಣೆ ಕೊಡಲು ನಾವು ಹೇಗೆ ಹಿಂದೆಮುಂದೆ ನೋಡುತ್ತೇವೆ ಎಂಬುದು ಅಂದು ನೆನಪಾಗದೆ ಇರಲಿಲ್ಲ. ಇದು ನನ್ನೊಬ್ಬನ ಅನುಭವವಲ್ಲ: 2017ರಲ್ಲಿ ‘ಡೆರ್ ಶ್ಪೀಗೆಲ್’ ಪತ್ರಿಕೆ ಮತ್ತು ಬವೇರಿಯಾದ ಪ್ರಸಾರ ಸಂಸ್ಥೆ ಸೇರಿ, ಜರ್ಮನ್ ಮತ್ತು ವಿದೇಶಿ ಹೆಸರುಗಳಲ್ಲಿ ಹತ್ತು ನಗರಗಳಿಗೆ ಸುಮಾರು 20,000 ಅರ್ಜಿಗಳನ್ನು ಕಳಿಸಿದಾಗ, ಅರಬ್ಬಿ ಮತ್ತು ಟರ್ಕಿ ಹೆಸರಿನವರಿಗೆ ಹೆಚ್ಚು ಪೆಟ್ಟು ಬಿದ್ದಿತ್ತು, ಮ್ಯೂನಿಕ್‌ನಲ್ಲಿ ತಾರತಮ್ಯ ಎದ್ದು ಕಂಡಿತ್ತು.

2006ರ ಸಮಾನ ವರ್ತನೆಯ ಕಾಯ್ದೆ ಜನಾಂಗೀಯ ಮೂಲದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ನಿಷೇಧಿಸುತ್ತದೆ. ಮಾಲೀಕರು ಅದೇ ಆವರಣದಲ್ಲಿ ವಾಸವಿದ್ದರೆ ಕೆಲವು ವಿನಾಯಿತಿಗಳುಂಟು. ತಾರತಮ್ಯದ ಕುರುಹುಗಳನ್ನು ನೀವು ತೋರಿಸಿದರೆ, ಅದು ನಡೆದಿಲ್ಲವೆಂದು ಸಾಬೀತುಪಡಿಸುವ ಹೊಣೆ ಎದುರಾಳಿಯದು. ಆದರೆ ಪರಿಹಾರದ ಬೇಡಿಕೆಯನ್ನು ಸಾಮಾನ್ಯವಾಗಿ ಎರಡು ತಿಂಗಳೊಳಗೆ ಮುಂದಿಡಬೇಕು. ಬಾಯಿಮಾತಿಗಿಂತ ಪತ್ರವೇ ಮೇಲು. ನಾನು ಎಡವಿದ್ದು ಕುರುಹಿನಲ್ಲಿಯೇ: ಮರುದಿನ ಹುಡುಕುವಷ್ಟರಲ್ಲಿ ಜಾಹೀರಾತು ಅಳಿದುಹೋಗಿತ್ತು, ನನ್ನ ಬಳಿ ಅದರ ಚಿತ್ರವೂ ಇರಲಿಲ್ಲ. ಆದ್ದರಿಂದ ಅರ್ಜಿ ಕಳಿಸುವ ಮುನ್ನವೇ ಜಾಹೀರಾತನ್ನೂ, ಆಮೇಲೆ ಕಳಿಸಿದ ಸಂದೇಶ, ಬಂದ ಉತ್ತರಗಳನ್ನೂ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾಗದಪತ್ರಗಳ ನೆಪ ಸಿಗದಂತೆ ಉದ್ಯೋಗದ ಒಪ್ಪಂದ, ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಮಾಲೀಕರ ಪತ್ರ ಜೋಡಿಸಿಕೊಳ್ಳಿ. ಹೊಸಬರಿಗೆ ಶೂಫಾ ವರದಿಯಲ್ಲಿ (ಸಾಲ, ಪಾವತಿಗಳ ವಿಶ್ವಾಸಾರ್ಹತೆಯ ದಾಖಲೆ) ತೋರಿಸಲು ಹೆಚ್ಚೇನೂ ಇರುವುದಿಲ್ಲ. ಠೇವಣಿಯು ಇತರ ವೆಚ್ಚಗಳನ್ನು ಬಿಟ್ಟ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟಬಹುದು. ಮನೆ ತೋರಿಸುವ ಮೊದಲೇ ಹಣ ಕೇಳುವವನು ಮೋಸಗಾರನೆಂದೇ ತಿಳಿಯಿರಿ. ಹೆಸರು ಮಾತ್ರ ಬದಲಿಸಬೇಡಿ, ಒಪ್ಪಂದಕ್ಕೆ ಸಹಿ ಹಾಕಬೇಕಾದವರು ನೀವೇ. ಅನುಮಾನ ಬಂದ ದಿನವೇ ತಾರತಮ್ಯ ವಿರೋಧಿ ಫೆಡರಲ್ ಕಚೇರಿಗೆ ಬರೆದರೆ ಸಲಹೆ ಉಚಿತವಾಗಿ ಸಿಗುತ್ತದೆ.