ಮೈಕ್ರೋಸಾಫ್ಟ್ ಗ್ರಾಫ್ ಎಪಿಐ ಮೂಲಕ ಸಂಸ್ಥೆಯ ನೋಂದಾಯಿತ ಸಾಧನಗಳ ಪೂರ್ಣ ಪಟ್ಟಿ ಪಡೆಯುವ ಕ್ರಮ

ಸಂಸ್ಥೆಯ ಲ್ಯಾಪ್‌ಟಾಪ್, ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳು ಮೈಕ್ರೋಸಾಫ್ಟ್‌ನ ಗುರುತು ನಿರ್ವಹಣಾ ಸೇವೆಯಾದ ಎಂಟ್ರಾ ಐಡಿಯಲ್ಲಿ ನೋಂದಣಿಯಾಗಿದ್ದರೆ, ಅವುಗಳ ವಿವರವನ್ನು ಅಡ್ಮಿನ್ ಸೆಂಟರ್‌ನ ಪುಟದಲ್ಲಿ ಕಣ್ಣಾಡಿಸಿ ನೋಡಬಹುದು. ಆದರೆ ಆಡಿಟ್‌ಗಾಗಿ, ಹಳೆಯ ಸಾಧನಗಳನ್ನು ಗುರುತಿಸುವುದಕ್ಕಾಗಿ ಅಥವಾ ಆಸ್ತಿ ದಾಖಲೆಯೊಂದಿಗೆ ತಾಳೆ ನೋಡುವುದಕ್ಕಾಗಿ ಪದೇಪದೇ ಪಟ್ಟಿ ಬೇಕಾದಾಗ ಗ್ರಾಫ್ ಎಪಿಐ (ಮೈಕ್ರೋಸಾಫ್ಟ್ ಸೇವೆಗಳಲ್ಲಿನ ಮಾಹಿತಿಯನ್ನು ಸ್ಕ್ರಿಪ್ಟ್‌ಗಳು ವೆಬ್ ವಿಳಾಸಗಳ ಮೂಲಕ ಕೇಳಿ ಪಡೆಯುವ ಮಾರ್ಗ) ಬಳಸುವುದೇ ಸರಿಯಾದ ದಾರಿ. 2023ರಲ್ಲಿ ಹೆಸರು ಬದಲಾಗುವವರೆಗೆ ಎಂಟ್ರಾ ಐಡಿಯನ್ನು ಅಜೂರ್ ಆಕ್ಟಿವ್ ಡೈರೆಕ್ಟರಿ ಎಂದು ಕರೆಯುತ್ತಿದ್ದರು. ಹಳೆಯ ಸ್ಕ್ರಿಪ್ಟ್‌ಗಳಲ್ಲಿಯೂ ಎಪಿಐನ ಕೆಲವು ಫೀಲ್ಡ್‌ಗಳಲ್ಲಿಯೂ ಆ ಹೆಸರು ಇಂದಿಗೂ ಕಾಣಸಿಗುತ್ತದೆ. ಈ ಕೆಲಸದಲ್ಲಿ ವಿನಂತಿ ಕಳುಹಿಸುವುದು ಸುಲಭ. ಬಂದ ಪಟ್ಟಿ ಪೂರ್ಣವಾಗಿದೆ ಎಂದು ಖಚಿತಪಡಿಸಿಕೊಳ್ಳುವುದೇ ನಿಜವಾದ ಕೆಲಸ, ಏಕೆಂದರೆ ಅರ್ಧಕ್ಕೆ ನಿಂತ ಪಟ್ಟಿ ಯಾವ ದೋಷಸೂಚನೆಯನ್ನೂ ಕೊಡುವುದಿಲ್ಲ.

ಮೊದಲು ಎಂಟ್ರಾ ಅಡ್ಮಿನ್ ಸೆಂಟರ್‌ನ ಆಪ್ ರಿಜಿಸ್ಟ್ರೇಷನ್ಸ್ ವಿಭಾಗದಲ್ಲಿ ಹೊಸ ಅಪ್ಲಿಕೇಶನ್ ಒಂದನ್ನು ನೋಂದಾಯಿಸಬೇಕು. ಅಲ್ಲಿ ಸಿಗುವ ಟೆನೆಂಟ್ ಐಡಿ (ಸಂಸ್ಥೆಯ ಗುರುತು) ಮತ್ತು ಕ್ಲೈಂಟ್ ಐಡಿ (ಅಪ್ಲಿಕೇಶನ್‌ನ ಗುರುತು) ಎರಡನ್ನೂ ಬರೆದಿಟ್ಟುಕೊಂಡು, ಎಪಿಐ ಪರ್ಮಿಷನ್ಸ್ ಪುಟದಲ್ಲಿ ಮೈಕ್ರೋಸಾಫ್ಟ್ ಗ್ರಾಫ್‌ನ ಅಡಿಯಲ್ಲಿ ಡಿವೈಸ್.ರೀಡ್.ಆಲ್ ಎಂಬ ಅನುಮತಿಯನ್ನು ಸೇರಿಸಬೇಕು. ಸ್ಕ್ರಿಪ್ಟ್ ಯಾರ ಲಾಗಿನ್ ಇಲ್ಲದೆಯೂ ತಾನಾಗಿಯೇ ಓಡಬೇಕಿದ್ದರೆ ಲಾಗಿನ್ ಆದ ಬಳಕೆದಾರರ ಪರವಾಗಿ ಕೆಲಸ ಮಾಡುವ ಡೆಲಿಗೇಟೆಡ್ ಬದಲು ಅಪ್ಲಿಕೇಶನ್ ಬಗೆಯ ಅನುಮತಿಯನ್ನು ಆರಿಸಿಕೊಳ್ಳಬೇಕು. ಅದಕ್ಕೆ ಅಡ್ಮಿನ್ ಸಮ್ಮತಿ ಸಿಗುವವರೆಗೆ ಅನುಮತಿ ಪಟ್ಟಿಯಲ್ಲಿ ಕಂಡರೂ ಕೆಲಸ ಮಾಡುವುದಿಲ್ಲ. ಡೈರೆಕ್ಟರಿ.ರೀಡ್.ಆಲ್ ಅನುಮತಿಯಿಂದಲೂ ಇದೇ ಪಟ್ಟಿ ಸಿಗುತ್ತದೆ, ಆದರೆ ಸಾಧನಗಳ ಪಟ್ಟಿಗಾಗಿ ಬಳಕೆದಾರರು, ಗುಂಪುಗಳೆಲ್ಲವನ್ನೂ ಓದುವ ಅಧಿಕಾರ ಕೊಡುವುದು ಅನಗತ್ಯ. ಬರೆಯುವ ಅಧಿಕಾರವಂತೂ ಖಂಡಿತ ಬೇಡ.

ನಂತರ ಟೋಕನ್, ಅಂದರೆ ಸ್ಕ್ರಿಪ್ಟ್‌ಗೆ ಪ್ರವೇಶವಿದೆ ಎಂದು ತೋರಿಸುವ ತಾತ್ಕಾಲಿಕ ಕೀಲಿಯನ್ನು ಪಡೆಯಬೇಕು. ಲಾಗಿನ್.ಮೈಕ್ರೋಸಾಫ್ಟ್‌ಆನ್‌ಲೈನ್.ಕಾಮ್ ವಿಳಾಸದ ಮುಂದೆ ಟೆನೆಂಟ್ ಐಡಿ ಸೇರಿಸಿ, ಓಆತ್ 2.0ರ ಟೋಕನ್ ವಿಳಾಸಕ್ಕೆ ಪೋಸ್ಟ್ ವಿನಂತಿ ಕಳುಹಿಸಬೇಕು. ಅದರಲ್ಲಿ ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ (ಅಪ್ಲಿಕೇಶನ್‌ನ ಗುಪ್ತಪದ), ಗ್ರಾಂಟ್ ಟೈಪ್ ಆಗಿ ಕ್ಲೈಂಟ್ ಕ್ರೆಡೆನ್ಷಿಯಲ್ಸ್ ಮತ್ತು ಸ್ಕೋಪ್ ಆಗಿ ಗ್ರಾಫ್‌ನ ವಿಳಾಸದ ಕೊನೆಗೆ .ಡೀಫಾಲ್ಟ್ ಸೇರಿಸಿದ ಮೌಲ್ಯ, ಇವು ನಾಲ್ಕೂ ಜೇಸನ್ ಆಗಿ ಅಲ್ಲ, ಫಾರ್ಮ್ ರೂಪದಲ್ಲಿ ಹೋಗಬೇಕು. ಸೀಕ್ರೆಟ್‌ಗಿಂತ ಪ್ರಮಾಣಪತ್ರ ಬಳಸುವುದು ಹೆಚ್ಚು ಸುರಕ್ಷಿತ. ಸೀಕ್ರೆಟ್ ಬಳಸಲೇಬೇಕಾದರೆ ಅದನ್ನು ಸ್ಕ್ರಿಪ್ಟ್‌ನೊಳಗೆ ಬರೆದಿಡಬಾರದು. ಉತ್ತರದಲ್ಲಿ ಬಂದ ಟೋಕನ್ ಅನ್ನು ಮುಂದಿನ ಪ್ರತಿಯೊಂದು ವಿನಂತಿಯ ಆಥರೈಸೇಷನ್ ಹೆಡರ್‌ನಲ್ಲಿ, ಬೇರರ್ ಎಂಬ ಪದದ ನಂತರ ಒಂದು ಖಾಲಿ ಜಾಗ ಬಿಟ್ಟು ಇಡಬೇಕು.

ಈಗ ಗ್ರಾಫ್.ಮೈಕ್ರೋಸಾಫ್ಟ್.ಕಾಮ್/ವಿ1.0/ಡಿವೈಸಸ್ ವಿಳಾಸಕ್ಕೆ ಗೆಟ್ ವಿನಂತಿ ಕಳುಹಿಸಿದರೆ ದಾಖಲೆಗಳು ಬರಲಾರಂಭಿಸುತ್ತವೆ. ಅದೇ ವಿಳಾಸದ ಬೀಟಾ ಆವೃತ್ತಿಯೂ ಇದೆ, ಆದರೆ ಅದು ಮುನ್ಸೂಚನೆಯಿಲ್ಲದೆ ಬದಲಾಗಬಹುದಾದ್ದರಿಂದ ನಿತ್ಯ ಓಡುವ ಸ್ಕ್ರಿಪ್ಟ್‌ಗೆ ತಕ್ಕದ್ದಲ್ಲ. ಬೇಕಾದ ಫೀಲ್ಡ್‌ಗಳನ್ನು ಮಾತ್ರ $ಸೆಲೆಕ್ಟ್ ಮೂಲಕ ಕೇಳುವುದು ಒಳ್ಳೆಯ ಅಭ್ಯಾಸ: ಐಡಿ, ಡಿವೈಸ್‌ಐಡಿ, ಡಿಸ್‌ಪ್ಲೇ‌ನೇಮ್, ಆಪರೇಟಿಂಗ್‌ಸಿಸ್ಟಮ್, ಟ್ರಸ್ಟ್‌ಟೈಪ್, ಅಕೌಂಟ್‌ಎನೇಬಲ್ಡ್ ಮತ್ತು ಅಪ್ರಾಕ್ಸಿಮೇಟ್‌ಲಾಸ್ಟ್‌ಸೈನ್‌ಇನ್‌ಡೇಟ್‌ಟೈಮ್ ಇದ್ದರೆ ಬಹುತೇಕ ಆಡಿಟ್‌ಗಳಿಗೆ ಸಾಕು.

ಇಲ್ಲಿಂದ ಮುಂದೆ ಎಚ್ಚರ ಬೇಕು. ಏನನ್ನೂ ಹೇಳದಿದ್ದರೆ ಗ್ರಾಫ್ ಒಂದು ಪುಟದಲ್ಲಿ 100 ಸಾಧನಗಳನ್ನು ಮಾತ್ರ ಕೊಡುತ್ತದೆ. $ಟಾಪ್ ಬಳಸಿ ಕೇಳಿದರೂ ಪುಟಕ್ಕೆ 999ರ ಮಿತಿಯಿದೆ. ಇನ್ನೂ ದಾಖಲೆಗಳು ಉಳಿದಿದ್ದರೆ ಉತ್ತರದಲ್ಲಿ @ಓಡೇಟಾ.ನೆಕ್ಸ್ಟ್‌ಲಿಂಕ್ ಎಂಬ ಫೀಲ್ಡ್ ಇರುತ್ತದೆ, ಅದರ ಮೌಲ್ಯವು ಮುಂದಿನ ಪುಟದ ಪೂರ್ಣ ವಿಳಾಸವಾಗಿರುತ್ತದೆ. ಆ ವಿಳಾಸದಲ್ಲಿ ಹಿಂದಿನ $ಸೆಲೆಕ್ಟ್ ಮೊದಲಾದವೂ ಮುಂದಿನ ಪುಟ ಎಲ್ಲಿಂದ ಶುರು ಎಂದು ಸೂಚಿಸುವ ಉದ್ದನೆಯ ಸ್ಕಿಪ್‌ಟೋಕನ್ ಒಂದೂ ಮೊದಲೇ ಸೇರಿರುವುದರಿಂದ, ಅದನ್ನು ಒಡೆಯದೆ, ಸ್ಕಿಪ್‌ಟೋಕನ್ ಭಾಗವನ್ನು ಮಾತ್ರ ಕಿತ್ತು ಬೇರೆ ವಿಳಾಸಕ್ಕೆ ಅಂಟಿಸದೆ, ಬಂದದ್ದನ್ನು ಬಂದಂತೆಯೇ ಮುಂದಿನ ವಿನಂತಿಗೆ ಬಳಸಬೇಕು. ನೆಕ್ಸ್ಟ್‌ಲಿಂಕ್ ಇಲ್ಲದ ಉತ್ತರ ಬರುವವರೆಗೂ ಲೂಪ್ ಮುಂದುವರಿಯಬೇಕು. ಪುಟದಲ್ಲಿ ಕೇಳಿದ್ದಕ್ಕಿಂತ ಕಡಿಮೆ ದಾಖಲೆಗಳಿವೆ ಎಂಬ ಕಾರಣಕ್ಕೆ ಲೂಪ್ ನಿಲ್ಲಿಸುವುದು ತಪ್ಪು, ಏಕೆಂದರೆ ಪುಟ ತುಂಬದಿದ್ದರೂ ಅದರಾಚೆಗೆ ಇನ್ನೊಂದು ಪುಟ ಇರಬಹುದು. ಸಂಗ್ರಹವಾದ ಸಾಧನಗಳ ಒಟ್ಟು ಸಂಖ್ಯೆ ನೂರಕ್ಕೆ ಸರಿಯಾಗಿ ನಿಂತಿದ್ದರೆ ಮೊದಲು ಶಂಕಿಸಬೇಕಾದದ್ದು ಲೂಪ್ ಅನ್ನೇ.

ಸಂಖ್ಯೆಯನ್ನು ತಾಳೆ ನೋಡಲು ಒಂದು ಸ್ವತಂತ್ರ ಮಾರ್ಗವೂ ಇದೆ. ಡಿವೈಸಸ್ ವಿಳಾಸದ ಮುಂದೆ /$ಕೌಂಟ್ ಸೇರಿಸಿ, ಕನ್ಸಿಸ್ಟೆನ್ಸಿ‌ಲೆವೆಲ್ ಹೆಡರ್‌ಗೆ ಈವೆಂಚುಯಲ್ ಎಂಬ ಮೌಲ್ಯ ಕೊಟ್ಟು ಕೇಳಿದರೆ, ಉತ್ತರವಾಗಿ ಒಂದೇ ಒಂದು ಸಂಖ್ಯೆ ಬರುತ್ತದೆ. ಇತ್ತೀಚೆಗಷ್ಟೇ ಆದ ನೋಂದಣಿಗಳು ಅದರಲ್ಲಿ ಸೇರಿರದೆ ಅಲ್ಪಸ್ವಲ್ಪ ವ್ಯತ್ಯಾಸ ಬರಬಹುದು; ಆದರೆ ನೂರಾರು ಸಾಧನಗಳ ವ್ಯತ್ಯಾಸ ಕಂಡರೆ ಆ ಪಟ್ಟಿಯನ್ನು ಯಾರಿಗೂ ಕಳುಹಿಸದೆ ಸ್ಕ್ರಿಪ್ಟ್ ಅನ್ನು ಮೊದಲು ಸರಿಪಡಿಸಬೇಕು. ಪಟ್ಟಿಯ ವಿನಂತಿಗೂ ಇದೇ ಹೆಡರ್ ಬಳಸುತ್ತಿದ್ದರೆ, ನೆಕ್ಸ್ಟ್‌ಲಿಂಕ್ ಅದನ್ನು ತನ್ನೊಂದಿಗೆ ಹೊತ್ತು ತರುವುದಿಲ್ಲವಾದ್ದರಿಂದ, ಪ್ರತಿಯೊಂದು ಪುಟಕ್ಕೂ ಮತ್ತೆ ಸೇರಿಸಬೇಕಾಗುತ್ತದೆ.

ದೋಷಗಳ ವಿಷಯದಲ್ಲಿ ಮೂರು ಸಂಖ್ಯೆಗಳು ನೆನಪಿರಲಿ. 401 ಬಂದರೆ ಟೋಕನ್ ಅವಧಿ ಮುಗಿದಿದೆ ಅಥವಾ ಟೋಕನ್ ಸರಿಯಿಲ್ಲ. ದೊಡ್ಡ ಪಟ್ಟಿಯ ನಡುವೆಯೇ ಹೀಗಾಗಬಹುದಾದ್ದರಿಂದ ಹೊಸ ಟೋಕನ್ ಪಡೆದು ಅದೇ ಪುಟದಿಂದ ಮುಂದುವರಿಯುವ ವ್ಯವಸ್ಥೆ ಸ್ಕ್ರಿಪ್ಟ್‌ನಲ್ಲಿರಬೇಕು. 403 ಬಂದರೆ ಅನುಮತಿ ಇಲ್ಲ ಅಥವಾ ಅಡ್ಮಿನ್ ಸಮ್ಮತಿ ಬಾಕಿಯಿದೆ. 429 ಬಂದರೆ ವಿನಂತಿಗಳು ಮಿತಿ ಮೀರಿವೆ ಎಂದರ್ಥ. ಆಗ ರಿಟ್ರೈ-ಆಫ್ಟರ್ ಹೆಡರ್‌ನಲ್ಲಿ ಹೇಳಿದಷ್ಟು ಸೆಕೆಂಡು ಕಾದು ಮತ್ತೆ ಕೇಳಬೇಕೇ ಹೊರತು ಆ ಪುಟವನ್ನು ಬಿಟ್ಟು ಮುಂದೆ ಹೋಗಬಾರದು.

ಪಟ್ಟಿ ಕೈಸೇರಿದ ಮೇಲೆ ಅದನ್ನು ಓದುವುದಕ್ಕೂ ತಿಳಿವಳಿಕೆ ಬೇಕು. ಒಂದೇ ದಾಖಲೆಯಲ್ಲಿ ಐಡಿ ಮತ್ತು ಡಿವೈಸ್‌ಐಡಿ ಎಂಬ ಎರಡು ಗುರುತುಗಳಿರುತ್ತವೆ. ಎರಡೂ ಒಂದೇ ಮಾದರಿಯ ಉದ್ದನೆಯ ಅಕ್ಷರಸಾಲುಗಳಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿಬಿಡುವುದು ಬಹಳ ಸುಲಭ. ಮೊದಲನೆಯದು ಡೈರೆಕ್ಟರಿಯೊಳಗಿನ ದಾಖಲೆಯ ಗುರುತು, ಎರಡನೆಯದು ನೋಂದಣಿಯ ವೇಳೆ ಸಾಧನಕ್ಕೆ ದೊರೆತ ಗುರುತು. ಡಿವೈಸಸ್ ವಿಳಾಸದ ಮುಂದೆ ಓರೆಗೆರೆಯ ನಂತರ ಡಿವೈಸ್‌ಐಡಿ ಬರೆದರೆ 404 ಬರುತ್ತದೆ, ಸಾಧನ ಕಣ್ಣೆದುರೇ ಇದ್ದರೂ ಕೂಡ. ಸಾಧನ ನಿರ್ವಹಣೆಗಾಗಿ ಇಂಟ್ಯೂನ್ ಬಳಸುವ ಸಂಸ್ಥೆಗಳು ಅದರ ಮ್ಯಾನೇಜ್ಡ್ ಡಿವೈಸಸ್ ಪಟ್ಟಿಯನ್ನು ಬೇರೆ ಅನುಮತಿಯಿಂದ, ಬೇರೆ ವಿಳಾಸದಿಂದ ಪಡೆಯಬೇಕು; ಎರಡು ಪಟ್ಟಿಗಳನ್ನು ಜೋಡಿಸುವ ಕೊಂಡಿ ಡಿವೈಸ್‌ಐಡಿಯೇ ಹೊರತು ಐಡಿಯಲ್ಲ.

ಟ್ರಸ್ಟ್‌ಟೈಪ್ ಫೀಲ್ಡ್‌ನಲ್ಲಿ ವರ್ಕ್‌ಪ್ಲೇಸ್ ಎಂದಿದ್ದರೆ ಅದು ಸಾಮಾನ್ಯವಾಗಿ ಉದ್ಯೋಗಿಯ ಸ್ವಂತ ಸಾಧನ, ಅಜೂರ್‌ಎಡಿ ಎಂದಿದ್ದರೆ ಕ್ಲೌಡ್‌ಗೆ ಮಾತ್ರ ಸೇರಿದ ಸಾಧನ, ಸರ್ವರ್‌ಎಡಿ ಎಂದಿದ್ದರೆ ಸಂಸ್ಥೆಯ ಒಳಗಿನ ಡೊಮೈನ್‌ಗೂ ಕ್ಲೌಡ್‌ಗೂ ಸೇರಿದ ಸಾಧನ. ಹೀಗೆ ಬೇರ್ಪಡಿಸದೆ ಒಟ್ಟು ಸಂಖ್ಯೆಯನ್ನೇ ಸಂಸ್ಥೆಯ ಆಸ್ತಿಯೆಂದು ವರದಿ ಮಾಡಿದರೆ ಜನರ ಖಾಸಗಿ ಫೋನ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸದಾಗಿ ಸ್ಥಾಪಿಸಿ ಮರುನೋಂದಣಿ ಮಾಡಿದ ಯಂತ್ರದ ಹಳೆಯ ದಾಖಲೆ ಹಾಗೆಯೇ ಉಳಿದಿರುವುದು ಸಾಮಾನ್ಯವಾದ್ದರಿಂದ, ಒಂದೇ ಹೆಸರಿನ ಎರಡು ಸಾಲುಗಳು ಕಂಡರೆ ಎರಡು ಯಂತ್ರಗಳಿವೆಯೆಂದು ತೀರ್ಮಾನಿಸಬಾರದು.

ಕೊನೆಯ ಸೈನ್‌ಇನ್ ದಿನಾಂಕದ ಫೀಲ್ಡ್ ಪ್ರತಿದಿನವೂ ಬದಲಾಗುವುದಿಲ್ಲ. ಹಿಂದಿನ ಮೌಲ್ಯಕ್ಕೆ ಸುಮಾರು 14 ದಿನ, ಐದು ದಿನ ಆಚೀಚೆ, ಕಳೆದ ಮೇಲಷ್ಟೇ ಹೊಸದು ಬರೆಯಲ್ಪಡುತ್ತದೆ. ಆದಕಾರಣ ಎರಡು ವಾರದ ಹಿಂದಿನ ದಿನಾಂಕ ನೋಡಿ ಸಾಧನ ಬಳಕೆಯಲ್ಲಿಲ್ಲ ಎನ್ನಲಾಗದು, ತಿಂಗಳುಗಳ ಅಂತರವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಹಾಗೆ ಗುರುತಿಸಿದ ಸಾಧನಗಳನ್ನೂ ನೇರವಾಗಿ ಅಳಿಸದೆ ಮೊದಲು ನಿಷ್ಕ್ರಿಯಗೊಳಿಸಿ ಕೆಲಕಾಲ ಕಾಯುವುದು ಒಳಿತು, ಏಕೆಂದರೆ ವಿಂಡೋಸ್ ಸಾಧನದ ದಾಖಲೆಯನ್ನು ಅಳಿಸಿದರೆ ಅದರೊಂದಿಗೆ ಉಳಿಸಿಟ್ಟ, ಬೀಗ ಹಾಕಿದ ಡಿಸ್ಕ್ ತೆರೆಯಲು ಬೇಕಾದ ಬಿಟ್‌ಲಾಕರ್ ಮರುಪ್ರಾಪ್ತಿ ಕೀಲಿಯೂ ಹೋಗುತ್ತದೆ.

ಪ್ರತಿದಿನ ಪಟ್ಟಿ ಬೇಕಿರುವವರು ಪ್ರತಿ ಸಲವೂ ಎಲ್ಲವನ್ನೂ ತರಿಸಿಕೊಳ್ಳಬೇಕಿಲ್ಲ. ಡಿವೈಸಸ್/ಡೆಲ್ಟಾ ವಿಳಾಸಕ್ಕೆ ವಿನಂತಿ ಕಳುಹಿಸಿ, ನೆಕ್ಸ್ಟ್‌ಲಿಂಕ್‌ಗಳನ್ನು ಹಿಂಬಾಲಿಸುತ್ತ ಹೋದರೆ ಕೊನೆಯಲ್ಲಿ ಡೆಲ್ಟಾಲಿಂಕ್ ಸಿಗುತ್ತದೆ; ಅದನ್ನು ಉಳಿಸಿಟ್ಟುಕೊಂಡು ಮರುದಿನ ಬಳಸಿದರೆ ಹೊಸದಾಗಿ ಸೇರಿದ, ಬದಲಾದ ಮತ್ತು ಅಳಿಸಲ್ಪಟ್ಟ ಸಾಧನಗಳು ಮಾತ್ರ ಬರುತ್ತವೆ. ಈ ಕೊಂಡಿಯ ಆಯುಸ್ಸು ಏಳು ದಿನ. ಸ್ಕ್ರಿಪ್ಟ್ ಅದಕ್ಕಿಂತ ಹೆಚ್ಚು ಕಾಲ ನಿಂತಿದ್ದರೆ ಹಳೆಯ ಕೊಂಡಿಯನ್ನು ಬಿಟ್ಟು ಪೂರ್ಣ ಪಟ್ಟಿಯನ್ನು ಮೊದಲಿನಿಂದ ತರಿಸಿಕೊಳ್ಳಬೇಕು.